ತುರುಬು ಮತ್ತು ಲೋಚ: ನಿಷಿಧಿ ಶಿಲ್ಪಗಳ ಶ್ರಾವಿಕೆಯರು

ಪುತ್ತೂರು, ಸುಳ್ಯ, ಕಡಬಗಳಿಂದ ಶಿರಾಡಿ ಘಾಟಿಯನ್ನೇರಿ ಶ್ರವಣಬೆಳಗೊಳಕ್ಕೆ ತೆರಳುವ ಯಾತ್ರಿಕರ ಕಣ್ಣು ಮೊದಲು ವಿಂಧ್ಯಗಿರಿಯ ಗೊಮ್ಮಟೇಶ್ವರನತ್ತ ಹೊರಳುವುದು ಸಹಜ. ಎದುರಿನ ಚಂದ್ರಗಿರಿಯ ನಿಷಿಧಿಗಳ ಮುಂದೆ ನಿಲ್ಲುವವರು ವಿರಳ. ಆದರೆ ಶ್ರಾವಿಕೆಯರ ಚರಿತ್ರೆ ಉಳಿದಿರುವುದು ಅಂಥ ಕಲ್ಲುಗಳಲ್ಲಿಯೇ.

ಹೊಯ್ಸಳ ದಂಡನಾಯಕ ಗಂಗರಾಜನ ಪತ್ನಿ ಲಕ್ಷ್ಮೀಮತಿ ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆ. ಎರಡುಕಟ್ಟೆ ಬಸದಿಯನ್ನು ಕಟ್ಟಿಸಿದವಳು. ಆಕೆ 1121ರಲ್ಲಿ ಸಮಾಧಿಮರಣವನ್ನು ಪಡೆದಳು. ಶಾಂತಲಾದೇವಿಯ ತಾಯಿ ಮಾಚಿಕಬ್ಬೆ ಮಗಳ ಮರಣಾನಂತರ, 1131ರಲ್ಲಿ, ಒಂದು ತಿಂಗಳು ಉಪವಾಸವಿದ್ದು ದೇಹವನ್ನು ತ್ಯಜಿಸಿದಳು. ಇವರು ಸಂಸಾರದಲ್ಲಿದ್ದೇ ಧರ್ಮವನ್ನು ಆಚರಿಸಿದವರು.

ಕರ್ನಾಟಕದ ನಿಷಿಧಿ ಶಿಲ್ಪಗಳಲ್ಲಿ ಇಂಥ ಸ್ತ್ರೀಯರು ಆಚಾರ್ಯರೆದುರು ಕೈಮುಗಿದು ಕುಳಿತಿರುವುದುಂಟು. ನಡುವೆ ಶಾಸ್ತ್ರವನ್ನಿಡುವ ತವಣೆಕೋಲು. ಸ್ತ್ರೀಯ ತಲೆಯಲ್ಲಿ ಕಟ್ಟಿದ ತುರುಬು. ಇವು ಮುಖಸಾದೃಶ್ಯಕ್ಕಾಗಿ ಕಡೆದವಲ್ಲ. ವ್ಯಕ್ತಿಯ ಧಾರ್ಮಿಕ ಸ್ಥಾನವನ್ನು ಸೂಚಿಸುವ ಭಾವಚಿತ್ರಗಳು. ತುರುಬು ಇಲ್ಲಿ ಅಲಂಕಾರ ಮಾತ್ರವಲ್ಲ, ಗೃಹಸ್ಥಧರ್ಮದ ಗುರುತು.

ಆರ್ಯಿಕೆಯ ಮಾರ್ಗ ಬೇರೆ. ಆಕೆ ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ತನ್ನ ಕೈಯಿಂದಲೇ ಕೇಶಲೋಚವನ್ನು ಮಾಡಿಕೊಳ್ಳುತ್ತಾಳೆ. ಕ್ಷೌರಿಕನ ಹಂಗಿಲ್ಲ, ಕತ್ತಿಯ ಪರಿಗ್ರಹವಿಲ್ಲ, ಕೂದಲಲ್ಲಿ ಹುಟ್ಟುವ ಜೀವಿಗಳ ಹಿಂಸೆಯಿಲ್ಲ. ದೇಹದ ಮೇಲಣ ಮಮಕಾರವೂ ಸಡಿಲುತ್ತದೆ. ಒಂದು ಕಾಲದಲ್ಲಿ ನಾಡಿನ ಕೆಲವು ಸಮಾಜಗಳಲ್ಲಿ ವಿಧವೆಯ ತಲೆಯನ್ನು ಬಲವಂತವಾಗಿ ಬೋಳಿಸುತ್ತಿದ್ದರು. ಹೊರನೋಟಕ್ಕೆ ಎರಡೂ ಒಂದೇ ಎನಿಸಬಹುದು. ಆದರೆ ಸ್ವೇಚ್ಛೆಯಿಂದ ತೊರೆದದ್ದು ತ್ಯಾಗ. ಪರರು ಕಿತ್ತುಕೊಂಡದ್ದು ಹಿಂಸೆ. ಈ ಭೇದವನ್ನು ಮರೆತರೆ ವ್ರತದ ಅರ್ಥವೇ ಕೆಡುತ್ತದೆ.

ತುರುಬು ಕಟ್ಟಿದ ಶ್ರಾವಿಕೆಯ ನಿಷಿಧಿ ಇನ್ನೊಂದು ಮಾತನ್ನೂ ತಿಳಿಸುತ್ತದೆ. ಕೇಶವನ್ನು ತೊರೆಯದವಳಿಗೂ ಕಷಾಯಗಳನ್ನು ಕೃಶಗೊಳಿಸುವ ಅಧಿಕಾರವಿದೆ. ಸಲ್ಲೇಖನದ ಸಾರವೂ ಅದೇ. ಬಾಹ್ಯಚಿಹ್ನೆಯನ್ನು ನೋಡಿ ಅಂತರಂಗವನ್ನು ಅಳೆಯುವುದು ಸಲ್ಲದು.

ಆದುದರಿಂದ ಬಸದಿಯ ಆವರಣದಲ್ಲಿ ಹಳೆಯ ಕಲ್ಲಿದ್ದರೆ ಆಡಳಿತ ಮಂಡಳಿಗಳು ಅದಕ್ಕೆ ಎಣ್ಣೆ, ಸುಣ್ಣ, ಬಣ್ಣಗಳನ್ನು ಬಳಿಯದಿರುವುದು ಲೇಸು. ತುರುಬಿನ ಗೆರೆ ಮುಚ್ಚಿಹೋದರೆ ಆ ಸ್ತ್ರೀ ಶ್ರಾವಿಕೆಯೋ ಆರ್ಯಿಕೆಯೋ ಎಂದು ತಿಳಿಯುವ ಒಂದು ಸಾಕ್ಷ್ಯವೇ ಅಳಿಯುತ್ತದೆ. ಮನೆಯ ಗೋಡೆಯಲ್ಲಿ ಹಿರಿಯಳ ಭಾವಚಿತ್ರಕ್ಕೆ ಮಾಲೆ ಹಾಕುವವರು, ಆಕೆ ಹೇಗೆ ಕಾಣುತ್ತಿದ್ದಳೆಂಬುದರ ಜೊತೆಗೆ ಯಾವ ವ್ರತವನ್ನು ಪಾಲಿಸಿದಳೆಂಬುದನ್ನೂ ಮಕ್ಕಳಿಗೆ ಹೇಳಬೇಕು. ನಿಷಿಧಿಯನ್ನು ನಿಲ್ಲಿಸಿದವರು ಮಾಡಿದ್ದೂ ಅದನ್ನೇ.