ಮೂವರು ಬರೆದರು, ಮೂವರೂ ಫೇಲಾದರು! – ಒಂದು ಇಂಗ್ಲಿಷ್ ಪರೀಕ್ಷೆಯ ಚರಿತ್ರೆ



“ಇಂಗ್ಲಿಷ್ ಪರೀಕ್ಷೆಗಳೆಲ್ಲ ಇಂಗ್ಲಿಷ್ ಮೀಡಿಯಂನವರಿಗೆ ಮಾಸ್ಟ್ರೇ, ನಮ್ಮ ಮಕ್ಕಳಿಗಲ್ಲ.” ನಮ್ಮ ಕಾಸರಗೋಡಿನ ಕಡೆ ಈ ಮಾತು ಕೇಳದ ಕನ್ನಡ ಶಾಲೆಯ ಅಧ್ಯಾಪಕರು ಇರಲಾರರು. ಈ ಒಂದು ನಂಬಿಕೆಯಿಂದಲೇ ಒಂದನೇ ತರಗತಿಗೆ ಬರಬೇಕಾದ ಎಷ್ಟೋ ಮಕ್ಕಳು ನಮ್ಮ ಶಾಲೆಯ ಗೇಟಿನ ಮುಂದೆಯೇ ಬೇರೆ ಶಾಲೆಯ ವ್ಯಾನು ಹತ್ತುತ್ತಾರೆ. ಆದ್ದರಿಂದ ಅಂಥ ಒಂದು ಪರೀಕ್ಷೆ ಯಾರಿಗಾಗಿ ಹುಟ್ಟಿತು, ಹೇಗೆ ಬೆಳೆಯಿತು ಎಂದು ಸ್ವಲ್ಪ ನೋಡೋಣ.

ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯ 1858ರಲ್ಲಿ ಶಾಲಾ ಮಕ್ಕಳಿಗೆ ಪರೀಕ್ಷೆ ನಡೆಸಲು ಒಂದು ಮಂಡಳಿ ಮಾಡಿತು. ಅದೇ ಮಂಡಳಿ 1913ರಲ್ಲಿ ‘ಸರ್ಟಿಫಿಕೇಟ್ ಆಫ್ ಪ್ರೊಫಿಷಿಯೆನ್ಸಿ ಇನ್ ಇಂಗ್ಲಿಷ್’ ಎಂಬ ಹೊಸ ಪರೀಕ್ಷೆ ಆರಂಭಿಸಿತು. ಇದು ಯಾರಿಗೆ ಗೊತ್ತೇ? ತಮ್ಮ ದೇಶದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಬಯಸುವ ವಿದೇಶಿಯರಿಗೆ. ಅಂದರೆ ಮನೆಮಾತು ಬೇರೆ ಇದ್ದವರಿಗೆ!

ಪರೀಕ್ಷೆ ಒಟ್ಟು 12 ಗಂಟೆಗಳದ್ದು. ಇಂಗ್ಲಿಷಿನಿಂದ ಫ್ರೆಂಚ್ ಅಥವಾ ಜರ್ಮನಿಗೆ ಭಾಷಾಂತರ, ಅಲ್ಲಿಂದ ಮರಳಿ ಇಂಗ್ಲಿಷಿಗೆ ಭಾಷಾಂತರ, ವ್ಯಾಕರಣ, ಪ್ರಬಂಧ, ಮೂರು ಗಂಟೆ ಸಾಹಿತ್ಯ, ಒಂದೂವರೆ ಗಂಟೆ ಧ್ವನಿಶಾಸ್ತ್ರ. ಆಮೇಲೆ ಉಕ್ತಲೇಖನ, ಗಟ್ಟಿಯಾಗಿ ಓದುವುದು, ಸಂಭಾಷಣೆ. ಧ್ವನಿಶಾಸ್ತ್ರದ ಹುಚ್ಚು ಆಗ ಜೋರಾಗಿತ್ತು. ಧ್ವನಿಶಾಸ್ತ್ರದ ಪಂಡಿತನೊಬ್ಬನ ಸುತ್ತ ಹೆಣೆದ ಬರ್ನಾರ್ಡ್ ಶಾ ಅವರ ‘ಪಿಗ್ಮೇಲಿಯನ್’ ನಾಟಕ ಮೊದಲು ರಂಗವೇರಿದ್ದೂ ಅದೇ 1913ರಲ್ಲಿ. ಮೊದಲ ಸಲ ಪರೀಕ್ಷೆಗೆ ಕುಳಿತವರು ಮೂವರು. ಶುಲ್ಕ ಮೂರು ಪೌಂಡ್. ಪಾಸಾದವರು... ಒಬ್ಬರೂ ಇಲ್ಲ!

1930ರ ಸುಮಾರಿಗೂ ಅಭ್ಯರ್ಥಿಗಳ ಸಂಖ್ಯೆ ಹದಿನೈದರ ಆಸುಪಾಸಿನಲ್ಲೇ ಇತ್ತು. ಪರೀಕ್ಷೆಯನ್ನೇ ನಿಲ್ಲಿಸಿಬಿಡುವ ಮಾತು ಬಂದಾಗ ಅದನ್ನು ಉಳಿಸಿ ಬೆಳೆಸಿದವರು ಮಂಡಳಿಯ ಅಧಿಕಾರಿ ಜ್ಯಾಕ್ ರೋಚ್. 1932ರಲ್ಲಿ ಧ್ವನಿಶಾಸ್ತ್ರದ ಪತ್ರಿಕೆ ಹೋಯಿತು. ಪ್ರೊಫಿಷಿಯೆನ್ಸಿ ಎಲ್ಲರಿಗೂ ಎಟಕುವ ಎತ್ತರವಲ್ಲ ಎಂದು 1939ರಲ್ಲಿ ಅದರ ಕೆಳಗೆ ಇನ್ನೊಂದು ಮೆಟ್ಟಿಲು ಕಟ್ಟಿದರು. ಅದೇ ‘ಲೋವರ್ ಸರ್ಟಿಫಿಕೇಟ್’. ಅದೇ ವರ್ಷ ಎರಡನೇ ಮಹಾಯುದ್ಧ ಆರಂಭವಾಯಿತು. ತಾಯ್ನಾಡು ಬಿಟ್ಟು ಬ್ರಿಟನ್ನಿಗೆ ಬಂದ ಪೋಲೆಂಡಿನ ಸೈನಿಕರೂ ಕೇಂಬ್ರಿಡ್ಜಿನ ಇಂಗ್ಲಿಷ್ ಪರೀಕ್ಷೆಗಳಿಗೆ ಕುಳಿತರು. ಊರು ಕಳೆದುಕೊಂಡವರಿಗೆ ಬದುಕಲು ಒಂದು ಭಾಷೆ ಬೇಕಿತ್ತು.

ಈ ಲೋವರ್ ಸರ್ಟಿಫಿಕೇಟ್ 1975ರಲ್ಲಿ ‘ಫಸ್ಟ್ ಸರ್ಟಿಫಿಕೇಟ್ ಇನ್ ಇಂಗ್ಲಿಷ್’ ಆಯಿತು. ಬದಲಾದದ್ದು ಹೆಸರಷ್ಟೇ ಅಲ್ಲ. ಓದು, ಬರವಣಿಗೆ, ಭಾಷಾ ಬಳಕೆ, ಆಲಿಸುವಿಕೆ, ಸಂದರ್ಶನ ಎಂಬ ಐದು ಭಾಗಗಳು ಬಂದವು. ಭಾಷೆಯ ಬಗ್ಗೆ ಏನು ಗೊತ್ತಿದೆ ಎಂಬ ಪ್ರಶ್ನೆ ಹಿಂದೆ ಸರಿದು, ಭಾಷೆಯಿಂದ ಏನು ಮಾಡಬಲ್ಲೆ ಎಂಬ ಪ್ರಶ್ನೆ ಮುಂದೆ ಬಂತು. 1996ರ ಪರಿಷ್ಕರಣೆಯಲ್ಲಿ ಇಬ್ಬರು ಅಭ್ಯರ್ಥಿಗಳು ಜೊತೆಯಾಗಿ ಕುಳಿತು ಪರಸ್ಪರ ಮಾತಾಡುವ ಕ್ರಮ ಗಟ್ಟಿಯಾಯಿತು. 2001ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಭಾಷಾ ಕಲಿಕೆಗೆ ಎ1ರಿಂದ ಸಿ2ರವರೆಗೆ ಆರು ಹಂತಗಳನ್ನು ಪ್ರಕಟಿಸಿತು. ನಮ್ಮ ಪರೀಕ್ಷೆ ಅದರಲ್ಲಿ ನಾಲ್ಕನೆಯದು, ಬಿ2. ಮಧ್ಯಮಕ್ಕಿಂತ ಒಂದು ಮೆಟ್ಟಿಲು ಮೇಲೆ. ಇಂದಿನ ಹೆಸರೂ ‘ಬಿ2 ಫಸ್ಟ್’.

2015ರಿಂದ ಓದು ಮತ್ತು ಭಾಷಾ ಬಳಕೆ ಸೇರಿ ಒಂದೇ ಪತ್ರಿಕೆಯಾಗಿವೆ. ಅದಕ್ಕೆ 75 ನಿಮಿಷ. ಬರವಣಿಗೆಗೆ 80 ನಿಮಿಷ. 140ರಿಂದ 190 ಪದಗಳ ಎರಡು ಬರಹ. ಆಲಿಸುವಿಕೆ ಸುಮಾರು 40 ನಿಮಿಷ. ಮಾತು, ಜೋಡಿಗೆ 14 ನಿಮಿಷ. 160 ಅಂಕ ಬಂದರೆ ಬಿ2 ಹಂತ ಮುಟ್ಟಿದಂತೆ.

ಈ ಚರಿತ್ರೆಯಿಂದ ನಮಗೇನು ಎಂದು ನೀವು ಕೇಳಬಹುದು. ಪರೀಕ್ಷೆ ಬದಲಾದಂತೆ ತಯಾರಿಯೂ ಬದಲಾಗಬೇಕಲ್ಲವೇ? ಆದರೆ ನಮ್ಮ ತರಗತಿಗಳಲ್ಲಿ ಇನ್ನೂ 1913 ನಡೆಯುತ್ತಿದೆ! ಪಾಠದ ಪ್ರತಿ ಸಾಲಿಗೂ ಕನ್ನಡ ಅರ್ಥ ಬರೆಸುತ್ತೇವೆ, ಗೈಡಿನ ಉತ್ತರ ಬಾಯಿಪಾಠ ಮಾಡಿಸುತ್ತೇವೆ. ವ್ಯಾಕರಣ ಬೇಕು, ಭಾಷಾಂತರವೂ ಒಳ್ಳೆಯ ಅಭ್ಯಾಸವೇ. ಅಷ್ಟೇ ಸಾಲದು. ಒಂದೇ ಬೆಂಚಿನ ಇಬ್ಬರಿಗೆ ಒಂದು ಚಿತ್ರ ಕೊಟ್ಟು ಮಾತಾಡಿಸಲು ಯಾವ ಮೀಡಿಯಂ ಬೇಕು? ದಿನಕ್ಕೆ ಹತ್ತು ನಿಮಿಷ ಇಂಗ್ಲಿಷ್ ವಾರ್ತೆ ಕೇಳಿಸಿ ಎರಡು ಪ್ರಶ್ನೆ ಕೇಳಬಹುದು. ಕೇಳುವುದರಲ್ಲಿಯೇ ನಮ್ಮ ಮಕ್ಕಳು ಹೆಚ್ಚು ಹಿಂದೆ ಬೀಳುವುದು. ವಾರಕ್ಕೊಂದು ಪತ್ರ ಸ್ವಂತ ವಾಕ್ಯಗಳಲ್ಲಿ ಬರೆಸಬಹುದು. ತಪ್ಪಿದ್ದರೂ ಇರಲಿ, ಸ್ವಂತದ್ದಾಗಿರಲಿ.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ನಾಡು ನಮ್ಮದು. ಇಲ್ಲಿನ ಮಗು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡುತ್ತದೆ. ಮಂಜೇಶ್ವರದ ಗೋವಿಂದ ಪೈಗಳ ನಾಡಿನವರಿಗೆ ಹಲವು ಭಾಷೆ ಕಲಿಯುವುದು ಹೊಸತೇ? ಒಂದು ಭಾಷೆಯನ್ನು ಗಟ್ಟಿಯಾಗಿ ಹಿಡಿದವನಿಗೆ ಇನ್ನೊಂದರ ದಾರಿ ಸುಲಭ. ಆ ಗಟ್ಟಿ ಭಾಷೆ ನಮ್ಮ ಮಕ್ಕಳಿಗೆ ಕನ್ನಡ.

ಹಾಗಾಗಿ ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೇ. ಇಂಗ್ಲಿಷ್ ಬೇಡವೆಂದು ಯಾರೂ ಹೇಳುತ್ತಿಲ್ಲ. ಚೆನ್ನಾಗಿ ಕಲಿಸಿ ಎಂದು ನಮ್ಮನ್ನು ಕೇಳಿ, ಬೇಕಿದ್ದರೆ ಜಗಳವಾಡಿಯೇ ಕೇಳಿ. ಆದರೆ ಅದಕ್ಕಾಗಿ ಕನ್ನಡ ಶಾಲೆ ಬಿಡಿಸಬೇಡಿ. ಮನೆಮಾತು ಬೇರೆ ಇದ್ದವರಿಗೆಂದೇ ಹುಟ್ಟಿದ ಪರೀಕ್ಷೆಗೆ ನಮ್ಮ ಮಕ್ಕಳು ಹೊರಗಿನವರಲ್ಲ.