ಪಲ್ಲಾಡಿಯಂ ಆಸರೆಯ ಮೇಲಿದೆಯೋ, ದ್ರಾವಣದಲ್ಲೋ?

ಎರಡು ಅಣುಗಳ ಕಾರ್ಬನ್ ತುದಿಗಳನ್ನು ಬೇಕಾದ ಜಾಗದಲ್ಲೇ ಬೆಸೆಯುವುದು ಔಷಧ ತಯಾರಿಕೆಯಲ್ಲಿ ದಿನನಿತ್ಯದ ಕೆಲಸ. 1901ರಲ್ಲಿ ಫ್ರಿಟ್ಜ್ ಉಲ್ಮನ್ ಇದಕ್ಕೆ ತಾಮ್ರದ ಪುಡಿ ಬಳಸಿದ. ತಾಮ್ರವೂ ಹೆಚ್ಚು ಬೇಕಿತ್ತು, ಕಾವೂ ಹೆಚ್ಚು ಬೇಕಿತ್ತು. 1970ರ ದಶಕದಲ್ಲಿ ಮಿಜೊರೊಕಿ, ಹೆಕ್, ನೆಗಿಶಿ, ಸುಜುಕಿ ವೇಗವರ್ಧಕವಾಗಿ ಪಲ್ಲಾಡಿಯಂ ಹಿಡಿದ ಮೇಲೆ ಹಾದಿ ಸುಗಮವಾಯಿತು. ಕೊನೆಯ ಮೂವರಿಗೆ 2010ರಲ್ಲಿ ನೊಬೆಲ್ ಬಂತು. ಆದರೆ ಕಾರ್ಖಾನೆಗಳು ನೆಚ್ಚಿಕೊಂಡ ಪಲ್ಲಾಡಿಯಂ ಬಹುಪಾಲು ಫಾಸ್ಫೀನ್ ಎಂಬ ರಂಜಕದ ಸಂಯುಕ್ತದ ಜೊತೆ ದ್ರಾವಣದಲ್ಲಿ ಕರಗಿರುವಂಥದ್ದು. ಅದನ್ನು ಮತ್ತೆ ಹೊರತೆಗೆಯುವುದೇ ತಲೆನೋವು. ನುಂಗುವ ಮಾತ್ರೆಯಿಂದ ದಿನಕ್ಕೆ 100 ಮೈಕ್ರೊಗ್ರಾಂಗಿಂತ ಹೆಚ್ಚು ಪಲ್ಲಾಡಿಯಂ ದೇಹ ಸೇರಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ಮಾರ್ಗಸೂಚಿ.

ಕರಗದ ಲೋಹವನ್ನೇ ಬಳಸಿ ಸೋಸಿಬಿಟ್ಟರಾಯಿತಲ್ಲ? 1996ರಲ್ಲಿ ಜರ್ಮನಿಯ ಮ್ಯಾನ್‌ಫ್ರೆಡ್ ರೀಟ್ಸ್ ತಂಡ ಪಲ್ಲಾಡಿಯಂ ನ್ಯಾನೊ ಕಣಗಳಿಂದಲೇ ಹೆಕ್, ಸುಜುಕಿ ಹೆಸರಿನ ಬೆಸುಗೆ ಕ್ರಿಯೆಗಳನ್ನು ನಡೆಸಿತು. 2000ದಲ್ಲಿ ಅಮೆರಿಕದ ಎಲ್-ಸಯೀದ್ ತಂಡ ಅದನ್ನು ನೀರಿನ ಮಾಧ್ಯಮಕ್ಕೆ ತಂದಿತು. ಬಿಡಿ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗಿ ಕಪ್ಪು ಗಸಿಯಾಗುತ್ತವೆ, ಹಾಗಾಗಿ ಆಸರೆ ಬೇಕು: ಇದ್ದಿಲು, ಸಿಲಿಕಾ, ಕೈಟೊಸಾನ್, ಗ್ರಾಫೀನ್. ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ಚೌದರಿ, ಲಕ್ಷ್ಮಿ ಕಾಂತಂ ಮತ್ತು ಸಂಗಡಿಗರು 2002ರಲ್ಲಿ ಜೇಡಿಯಂಥ ಪದರು ಹೈಡ್ರಾಕ್ಸೈಡಿನ ಮೇಲೆ ಪಲ್ಲಾಡಿಯಂ ಕೂರಿಸಿದರು. ಅಗ್ಗವಾದರೂ ಹಟಮಾರಿಯಾದ ಕ್ಲೋರೊ ಸಂಯುಕ್ತಗಳು ಅದಕ್ಕೆ ಮಣಿದವು. ಈ ವಿಷಯದಲ್ಲಿ ನಮ್ಮ ದೇಶದ ಗಟ್ಟಿ ಕೆಲಸಗಳಲ್ಲಿ ಇದೊಂದು. ಆಮೇಲೆ ಕಬ್ಬಿಣದ ಆಕ್ಸೈಡಿನ ಆಸರೆ ಬಂತು. ಸೋಸುವ ಕಷ್ಟವೂ ಇಲ್ಲ, ಅಯಸ್ಕಾಂತ ಹಿಡಿದರೆ ಸಾಕು.

ಇಷ್ಟಾದರೂ ಅನುಮಾನವೊಂದು ಉಳಿದೇ ಇತ್ತು. ಕೆಲಸ ಮಾಡುತ್ತಿರುವುದು ಕಣವೋ, ಅದರಿಂದ ಕಳಚಿದ ಪರಮಾಣುವೋ? ನೆದರ್ಲೆಂಡ್ಸ್‌ನ ಡಿ ವ್ರೀಸ್, ಫಾಸ್ಫೀನ್ ಇಲ್ಲದ ಹೆಕ್ ಕ್ರಿಯೆಯಲ್ಲಿ ಪಲ್ಲಾಡಿಯಂ ಪ್ರಮಾಣ ಇಳಿಸಿದಷ್ಟೂ ಪ್ರತಿ ಪರಮಾಣುವಿನ ಚುರುಕು ಹೆಚ್ಚುವುದನ್ನು ತೋರಿಸಿದರು. ಕಣ ಬರೀ ಉಗ್ರಾಣ. ಪರಮಾಣುಗಳು ಕರಗಿ ಹೊರಬಂದು ದುಡಿದು, ಮತ್ತೆ ಬಂದು ಅಂಟುತ್ತವೆ. ರಸಾಯನವಿಜ್ಞಾನಿ ಲೆಡ್‌ಬೀಟರ್ ಅವರ ಪ್ರಸಂಗವಂತೂ ಈ ರಂಗದವರು ಮರೆಯುವಂಥದ್ದಲ್ಲ. ಲೋಹವೇ ಇಲ್ಲದೆ ಸುಜುಕಿ ಕ್ರಿಯೆ ನಡೆಯಿತೆಂದು 2003ರಲ್ಲಿ ಅವರ ತಂಡ ಪ್ರಕಟಿಸಿತು. 2005ರಲ್ಲಿ ತಾವೇ ಕಂಡುಕೊಂಡರು: ಬಳಸಿದ ಸೋಡಿಯಂ ಕಾರ್ಬೊನೇಟಿನಲ್ಲಿ ನೂರು ಕೋಟಿ ಭಾಗಕ್ಕೆ ಸುಮಾರು 50 ಭಾಗ ಪಲ್ಲಾಡಿಯಂ ಬೆರೆತಿತ್ತು! ಅಷ್ಟರಿಂದಲೇ ಕ್ರಿಯೆ ನಡೆಯುವುದಾದರೆ, ಆಸರೆಯಿಂದ ಸೋರುವ ಲೋಹವನ್ನು ಅಲ್ಪವೆಂದು ತಳ್ಳಿಹಾಕುವುದು ಹೇಗೆ?

ಮುಂದಿನ ಹಾದಿಗಳು ಈ ಪ್ರಶ್ನೆಯ ಸುತ್ತಲೇ ಕವಲೊಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಹೆಗ್ಡೆ ತಂಡ ಕಣದ ಗೊಡವೆಯೇ ಬೇಡವೆಂದು ಪಲ್ಲಾಡಿಯಂ ಅಯಾನನ್ನು ಸೀರಿಯಂ ಆಕ್ಸೈಡಿನ ಜಾಲಕದೊಳಗೇ ಸೇರಿಸಿತು. ರಸಾಯನವಿಜ್ಞಾನಿ ಲಿಪ್‌ಶುಟ್ಜ್ ಅವರ ತಂಡ 2015ರಲ್ಲಿ ಕಬ್ಬಿಣದ ಕಣಗಳಲ್ಲಿ ಹತ್ತು ಲಕ್ಷಕ್ಕೆ ಕೆಲವೇ ನೂರು ಭಾಗ ಪಲ್ಲಾಡಿಯಂ ಇಟ್ಟು ನೀರಿನಲ್ಲೇ ಸುಜುಕಿ ಕ್ರಿಯೆ ನಡೆಸಿತು. 2018ರಲ್ಲಿ ಜ್ಯೂರಿಕ್‌ನ ಸಂಶೋಧಕರು ಕಾರ್ಬನ್ ನೈಟ್ರೈಡಿನಲ್ಲಿ ಪಲ್ಲಾಡಿಯಂನ ಒಂಟಿ ಪರಮಾಣುಗಳನ್ನು ಬಂಧಿಸಿದರು.

ಇವುಗಳ ನಡುವೆ ‘ಐದು ಸಲ ಮರುಬಳಸಿದರೂ ಇಳುವರಿ ಕುಂದಲಿಲ್ಲ’ ಎನ್ನುವ ಪ್ರಬಂಧಗಳ ಸುರಿಮಳೆ. ಆದರೆ ಕ್ರಿಯೆಯನ್ನು ಬೇಕಾದಷ್ಟು ಹೊತ್ತು ಬಿಟ್ಟರೆ ಅರ್ಧ ಲೋಹ ಸೋರಿದ್ದರೂ ಇಳುವರಿ ಪೂರ್ತಿಯೇ ಬರಬಹುದು. ಮೊದಲ ನಿಮಿಷಗಳ ವೇಗವನ್ನೂ ಸೋಸಿದ ದ್ರಾವಣದಲ್ಲಿ ಉಳಿದ ಲೋಹದ ಅಳತೆಯನ್ನೂ ಕೊಡದ ಪ್ರಬಂಧವನ್ನು ಸಂಪಾದಕರು ವಾಪಸು ಕಳಿಸಬೇಕು.