ದೇವರ ಮೇಲೆ ಆಣೆ ಇಡದವನ ಮಾತು ನಂಬಬಹುದಾ?

ಹೊಸ ಸರ್ಕಾರದ ಪ್ರಮಾಣವಚನ ಲೈವ್ ಹೋಗುವಾಗ ಸ್ಟುಡಿಯೋದಲ್ಲಿ ಕೂತ ನಮಗೆ ಒಂದು ಕೆಲಸ ತಪ್ಪಿದ್ದಲ್ಲ. ಯಾರು ಯಾರ ಹೆಸರಲ್ಲಿ ಪ್ರಮಾಣ ಸ್ವೀಕರಿಸಿದರು ಅಂತ ಲೆಕ್ಕ ಹೇಳೋದು. ಒಬ್ಬರು ದೇವರ ಹೆಸರಲ್ಲಿ, ಇನ್ನೊಬ್ಬರು ಮನೆದೇವರ ಹೆಸರಲ್ಲಿ, ಮತ್ತೊಬ್ಬರು ರೈತರ ಹೆಸರಲ್ಲಿ. ನಡುವೆ ಯಾರಾದರೂ ‘ಸತ್ಯನಿಷ್ಠೆಯಿಂದ’ ಅಂತ ಶುರು ಮಾಡಿದರೆ ಸಾಕು, ಮೆಸೇಜ್‌ಗಳು ಬರೋಕೆ ಶುರು. ‘ಸರ್, ಇವರು ನಾಸ್ತಿಕರಾ?’ ಅದರ ಬೆನ್ನಿಗೇ ಇನ್ನೊಂದು: ‘ದೇವರಿಗೇ ಹೆದರದವರು ಜನರಿಗೆ ಹೆದರ್ತಾರಾ?’

ಈ ಎರಡನೇ ಪ್ರಶ್ನೆ ಇದೆಯಲ್ಲ, ನಾಸ್ತಿಕರ ಬಗ್ಗೆ ಇರುವ ಅನುಮಾನಗಳಲ್ಲೆಲ್ಲ ಇದೇ ಬುಡ. ದೇವರಿಲ್ಲ ಅನ್ನುವವನಿಗೆ ಪಾಪಭೀತಿ ಇಲ್ಲ, ಪಾಪಭೀತಿ ಇಲ್ಲದವನ ಮಾತಿಗೆ ಬೆಲೆ ಇಲ್ಲ ಅನ್ನೋದು ಲೆಕ್ಕ. ನಾನು ನಾಸ್ತಿಕ ಅಲ್ಲ. ಬೆಳಗ್ಗೆ ದೇವರಿಗೆ ಕೈಮುಗಿದೇ ಮನೆಯಿಂದ ಹೊರಡೋದು. ಆದರೆ ಈ ಲೆಕ್ಕ ಸರಿಯಾ ತಪ್ಪಾ ಅಂತ ಇತಿಹಾಸದಲ್ಲಿ ಒಮ್ಮೆ ಬಹಿರಂಗವಾಗಿಯೇ ಪರೀಕ್ಷೆ ಆಗಿದೆ. ಆ ಪರೀಕ್ಷೆ ಬರೆದವನ ಹೆಸರು ಚಾರ್ಲ್ಸ್ ಬ್ರಾಡ್ಲಾ. ಲಂಡನ್‌ನವನು. ನಮ್ಮ ಪಠ್ಯಪುಸ್ತಕಗಳು ಮರೆತಿರುವ, ಆದರೆ ಒಂದು ಕಾಲಕ್ಕೆ ಭಾರತದ ಸಂಸದ ಅಂತಲೇ ಬ್ರಿಟಿಷರು ಅಡ್ಡಹೆಸರಿಟ್ಟು ಕರೆದಿದ್ದ ಮನುಷ್ಯ.

ಮೊದಲು ಹಿನ್ನೆಲೆ ನೋಡಿ. 1689ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಧಾರ್ಮಿಕ ಸಹಿಷ್ಣುತೆಯ ಪರವಾಗಿ ಒಂದು ಪತ್ರ ಪ್ರಕಟಿಸಿದ. ಜಗತ್ತು ಇವತ್ತಿಗೂ ಹೊಗಳುವ ಪತ್ರ. ಅದರಲ್ಲೂ ನಾಸ್ತಿಕರಿಗೆ ಜಾಗ ಇಲ್ಲ. ಕಾರಣ, ಭಾಷೆ, ಕರಾರು, ಆಣೆ ಯಾವುದೂ ಅವರನ್ನು ಕಟ್ಟಿಹಾಕೋದಿಲ್ಲ ಅಂತ. ಇದು ಬರೀ ಪುಸ್ತಕದ ಮಾತಾಗಿ ಉಳಿಯಲಿಲ್ಲ. 1869ರವರೆಗೂ ಇಂಗ್ಲೆಂಡಿನ ಕೋರ್ಟುಗಳಲ್ಲಿ ನಾಸ್ತಿಕನ ಸಾಕ್ಷ್ಯವನ್ನು ಒಪ್ಪುತ್ತಿರಲಿಲ್ಲ. ಅಂದರೆ ಏನಾಯ್ತು? ಒಬ್ಬ ನಾಸ್ತಿಕನ ಮನೆಗೆ ಕಳ್ಳ ನುಗ್ಗಿದ, ಬೇರೆ ಸಾಕ್ಷಿ ಇಲ್ಲ ಅಂದರೆ ಆ ಕಳ್ಳ ಬಚಾವ್. ಕಳ್ಳ ಆಸ್ತಿಕನೋ ನಾಸ್ತಿಕನೋ ಅಂತ ಕೇಳುವವರು ಯಾರೂ ಇಲ್ಲ.

ಬ್ರಾಡ್ಲಾ ಹುಟ್ಟಿದ್ದು 1833ರಲ್ಲಿ, ಬಡ ಗುಮಾಸ್ತನ ಮನೆಯಲ್ಲಿ. ಹುಡುಗ ಚರ್ಚಿನ ಭಾನುವಾರದ ಶಾಲೆಯಲ್ಲಿ ಪಾಠ ಹೇಳಿಕೊಡುತ್ತಿದ್ದ. ಬೈಬಲ್ಲಿಗೂ ಚರ್ಚಿನ ಸಿದ್ಧಾಂತಕ್ಕೂ ಅಲ್ಲಲ್ಲಿ ತಾಳೆ ಆಗ್ತಿಲ್ಲವಲ್ಲ, ಸ್ವಲ್ಪ ತಿಳಿಸಿ ಅಂತ ಪಾದ್ರಿಗೆ ಕೇಳಿದ. ಉತ್ತರ ಸಿಗಲಿಲ್ಲ, ನಾಸ್ತಿಕ ಅನ್ನೋ ಪಟ್ಟ ಸಿಕ್ಕಿತು! ಹದಿಹರೆಯದಲ್ಲೇ ಮನೆ ಬಿಟ್ಟ. ಸೈನ್ಯ ಸೇರಿದ, ಬಿಟ್ಟು ಬಂದು ವಕೀಲರ ಕಚೇರಿಯಲ್ಲಿ ಗುಮಾಸ್ತನಾದ, ಭಾಷಣಕಾರನಾದ, ಪತ್ರಿಕೆ ನಡೆಸಿದ. 1866ರಲ್ಲಿ ನ್ಯಾಷನಲ್ ಸೆಕ್ಯುಲರ್ ಸೊಸೈಟಿ ಸ್ಥಾಪಿಸಿದ. ಗಮನಿಸಿ, ದೇವರು ಇಲ್ಲವೇ ಇಲ್ಲ ಅಂತ ಘೋಷಿಸಿ ಓಡಾಡಿದವನಲ್ಲ ಆತ. ನೀವು ದೇವರು ಅನ್ನುವ ಪದಕ್ಕೆ ನನಗೆ ಸ್ಪಷ್ಟವಾದ ಅರ್ಥ ಸಿಗುತ್ತಿಲ್ಲ, ಅರ್ಥವಾಗದ್ದನ್ನು ಇದೆ ಅಂತಲೂ ಹೇಳಲಾರೆ, ಇಲ್ಲ ಅಂತಲೂ ಹೇಳಲಾರೆ ಅನ್ನೋದು ಆತನ ನಿಲುವು.

ನಮ್ಮಲ್ಲೂ ಈ ಪದದ ಕಥೆ ಅಷ್ಟು ಸರಳ ಅಲ್ಲ. ನಮ್ಮ ಶಾಸ್ತ್ರಕಾರರ ಲೆಕ್ಕದಲ್ಲಿ ನಾಸ್ತಿಕ ಅಂದರೆ ಮುಖ್ಯವಾಗಿ ವೇದವನ್ನು ಒಪ್ಪದವನು. ಆ ಲೆಕ್ಕಕ್ಕೆ ಜೈನರು ನಾಸ್ತಿಕರು. ಜೈನದಲ್ಲಿ ಸೃಷ್ಟಿಕರ್ತ ದೇವರೂ ಇಲ್ಲ. ಹಾಗಂತ ಆದಿಪುರಾಣ ಬರೆದ ಪಂಪನಿಗೆ ನೀತಿ ಇರಲಿಲ್ಲ ಅನ್ನೋಕಾಗುತ್ತಾ?

ಬ್ರಾಡ್ಲಾಗೆ ಬರೋಣ. 1880ರ ಏಪ್ರಿಲ್‌ನಲ್ಲಿ ನಾರ್ಥಾಂಪ್ಟನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಗೆದ್ದ. ಬೂಟು ಹೊಲಿಯುವವರ ಊರು ಅದು. ಮೇ 3ರಂದು ಸದನಕ್ಕೆ ಬಂದವನೇ, ದೇವರ ಮೇಲೆ ಆಣೆ ಇಡುವ ಬದಲು ಪ್ರತಿಜ್ಞೆ ಮಾಡ್ತೀನಿ, ಅವಕಾಶ ಕೊಡಿ ಅಂದ. ಅಷ್ಟೊತ್ತಿಗೆ ಕೋರ್ಟುಗಳಲ್ಲಿ ಅದಕ್ಕೆ ಅವಕಾಶ ಸಿಕ್ಕಿತ್ತು. ಸದನ ಸಮಿತಿ ರಚಿಸಿತು. ಒಂದೇ ಒಂದು ಮತದ ಅಂತರದಲ್ಲಿ ಸಮಿತಿ ‘ಆಗಲ್ಲ’ ಅಂದಿತು. ಸರಿ, ಹಾಗಾದರೆ ಆಣೆಯನ್ನೇ ಇಡ್ತೀನಿ, ಅದರಲ್ಲಿನ ದೇವರ ಮಾತು ನನಗೆ ಅರ್ಥಹೀನ, ಆದರೆ ಕೊಟ್ಟ ಭಾಷೆಗೆ ನಾನು ಬದ್ಧ ಅಂತ ಬಹಿರಂಗವಾಗಿ ಬರೆದ. ವಿರೋಧಿಗಳು ಎದ್ದು ನಿಂತರು. ನಂಬಿಕೆಯೇ ಇಲ್ಲ ಅಂತ ಬಾಯಿಬಿಟ್ಟು ಹೇಳಿದವನು ಆಣೆ ಇಡುವುದಾದರೂ ಹೇಗೆ? ಅದು ಆಣೆಗೇ ಅವಮಾನ ಅಂದರು. ಅತ್ತ ದರಿ, ಇತ್ತ ಪುಲಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಬ್ರಾಡ್ಲಾ ಸುಳ್ಳುಗಾರನಾಗಿದ್ದರೆ ಏನು ಮಾಡ್ತಿದ್ದ? ಬೈಬಲ್ ಮುಟ್ಟಿ, ಎರಡು ಸಾಲು ಓದಿ, ಹೋಗಿ ಸೀಟಿನಲ್ಲಿ ಕೂರ್ತಿದ್ದ. ಎರಡು ನಿಮಿಷದ ಕೆಲಸ. ಯಾರಿಗೂ ತಕರಾರು ಇರುತ್ತಿರಲಿಲ್ಲ. ಆತನನ್ನು ಹೊರಗೆ ನಿಲ್ಲಿಸಿದ್ದು ಆತನ ಸುಳ್ಳಲ್ಲ, ಆತ ಹೇಳಿದ ಸತ್ಯ. ನಾನು ಇಂಜಿನಿಯರಿಂಗ್ ಓದಿದವನು. ಫಿಲ್ಟರ್ ಅಂದರೆ ಕಸ ತಡೆದು ನೀರು ಬಿಡಬೇಕು. ಇದು ಶುದ್ಧ ನೀರನ್ನು ತಡೆದು ಕಸವನ್ನು ಒಳಗೆ ಬಿಡುವ ಫಿಲ್ಟರ್! ಜಾನ್ ಸ್ಟುವರ್ಟ್ ಮಿಲ್ 1859ರಲ್ಲೇ ಸಾಕ್ಷ್ಯದ ಕಾನೂನಿನಲ್ಲಿ ಈ ಹುಳುಕನ್ನು ಎತ್ತಿ ತೋರಿಸಿದ್ದ. ಆಮೇಲೆ ಬ್ರಾಡ್ಲಾನ ಚುನಾವಣೆ ಖರ್ಚಿಗೆ ದುಡ್ಡನ್ನೂ ಕೊಟ್ಟ.

ಹಾಗಂತ ಆಣೆಗೆ ಬೆಲೆಯೇ ಇಲ್ಲ ಅಂತಲ್ಲ. ನಂಬುವವನಿಗೆ ಅದು ದೊಡ್ಡದೇ. 2011ರಲ್ಲಿ ನಮ್ಮ ರಾಜ್ಯದ ಹಾಲಿ ಮುಖ್ಯಮಂತ್ರಿ, ಮಾಜಿ ಮುಖ್ಯಮಂತ್ರಿ ಇಬ್ಬರೂ ಆಣೆ ಪ್ರಮಾಣದ ಸವಾಲು ಹಾಕಿಕೊಂಡು ಧರ್ಮಸ್ಥಳಕ್ಕೆ ಹೋದರು. ಮಂಜುನಾಥನ ದರ್ಶನ ಮಾಡಿದರು, ಆಣೆ ಮಾಡದೇ ವಾಪಸ್ ಬಂದರು. ನಂಬಿಕೆಯ ಜೋರು ಅದು. ಪ್ರಶ್ನೆ ಇರೋದು ನಂಬದವನನ್ನು ಅಳೆಯೋಕೆ ಅದೇ ತಕ್ಕಡಿ ಯಾಕೆ ಅನ್ನೋದು.

1880ರ ಜೂನ್ 23ರಂದು ಸದನ ಬಿಟ್ಟು ಹೋಗಲ್ಲ ಅಂದ ಬ್ರಾಡ್ಲಾನನ್ನು ಬಿಗ್ ಬೆನ್ ಗಂಟೆ ಇರುವ ಗೋಪುರದ ಕೋಣೆಯಲ್ಲಿ ಕೂಡಿಹಾಕಿದರು. ಮಾರನೇ ದಿನ ಬಿಟ್ಟರು. ಮುಂದೆ, ನಿನ್ನ ಹೊಣೆಗಾರಿಕೆಯಲ್ಲೇ ಪ್ರತಿಜ್ಞೆ ಮಾಡು ಅಂತ ಕೂರಿಸಿಕೊಂಡರು. ಒಂಬತ್ತು ತಿಂಗಳಲ್ಲಿ ಕೋರ್ಟು ಅದನ್ನೂ ತಳ್ಳಿಹಾಕಿತು. ಆಣೆ ಇಲ್ಲದೆ ಹಾಕಿದ ಒಂದೊಂದು ಮತಕ್ಕೆ 500 ಪೌಂಡ್ ದಂಡ ಕಟ್ಟಿಸಿ, ದಿವಾಳಿ ಎಬ್ಬಿಸಬೇಕು ಅಂತ ಕೇಸು. ಸೀಟು ಹೋಯ್ತು, 1881ರಲ್ಲಿ ಉಪಚುನಾವಣೆ ನಡೆಯಿತು. ಗೆದ್ದ. ಆ ಆಗಸ್ಟ್‌ನಲ್ಲಿ ಒಳಗೆ ಬರೋಕೆ ಹೋದವನನ್ನು ಪೊಲೀಸರು, ಸದನದ ಸಿಬ್ಬಂದಿ ಸೇರಿ ಎಳೆದು ಹೊರಹಾಕಿದರು, ಕೋಟು ಹರಿಯಿತು. 1882ರಲ್ಲಿ ಜೇಬಿನಿಂದ ಪುಸ್ತಕ ತೆಗೆದು ತನಗೆ ತಾನೇ ಪ್ರಮಾಣ ಬೋಧಿಸಿಕೊಂಡ. ಉಚ್ಚಾಟನೆ ಆಯ್ತು. ಮತ್ತೆ ಉಪಚುನಾವಣೆ, ಮತ್ತೆ ಗೆಲುವು. 1884ರಲ್ಲಿ ಇನ್ನೊಮ್ಮೆ. ಬೂಟು ಹೊಲಿಯುವ ಆ ಜನ ನಾಸ್ತಿಕರೇನಲ್ಲ. ಅವರ ಪಾಲಿಗೆ ಬ್ರಾಡ್ಲಾ ಮಾತು ಕೊಟ್ಟರೆ ಉಳಿಸಿಕೊಳ್ಳುವವನು, ಅಷ್ಟೇ.

ವಿರೋಧಿಸಿದವರಲ್ಲಿ ಮುಂದಿದ್ದವರೊಬ್ಬರು ಲಾರ್ಡ್ ರಾಂಡಾಲ್ಫ್ ಚರ್ಚಿಲ್, ವಿನ್‌ಸ್ಟನ್ ಚರ್ಚಿಲ್ ಅವರ ಅಪ್ಪ. ನನ್ನ ಅಭಿಪ್ರಾಯ ಕೇಳಿದರೆ ಅಲ್ಲಿ ದೇವರು ನೆಪ, ಪ್ರಧಾನಿ ಗ್ಲ್ಯಾಡ್‌ಸ್ಟನ್ ಗುರಿ. ತಮಾಷೆ ನೋಡಿ, ಗ್ಲ್ಯಾಡ್‌ಸ್ಟನ್ ಪರಮ ದೈವಭಕ್ತ. ಅಂಥವರೇ 1883ರಲ್ಲಿ ಪ್ರತಿಜ್ಞೆಗೆ ಅವಕಾಶ ಕೊಡುವ ಮಸೂದೆ ತಂದು, ಅದರ ಪರವಾಗಿ ಸುದೀರ್ಘ ಭಾಷಣ ಮಾಡಿದರು. 289 ಪರ, 292 ವಿರುದ್ಧ. 3 ಮತದಲ್ಲಿ ಸೋತಿತು. ಕೊನೆಗೆ 1886ರ ಜನವರಿಯಲ್ಲಿ ಹೊಸ ಸ್ಪೀಕರ್ ಪೀಲ್, ಆಯ್ಕೆಯಾದ ಸದಸ್ಯನಿಗೂ ಆತನ ಆಣೆಗೂ ನಡುವೆ ಬೇರೆಯವರು ಬರುವಂತಿಲ್ಲ ಅಂದರು. ಆರು ವರ್ಷದ ಜಗಳ ಕೆಲವೇ ನಿಮಿಷದಲ್ಲಿ ಮುಗೀತು. ಎರಡೇ ವರ್ಷದಲ್ಲಿ, 1888ರಲ್ಲಿ, ದೇವರ ಹೆಸರಿಲ್ಲದೆ ಪ್ರತಿಜ್ಞೆ ಮಾಡಲು ಎಲ್ಲರಿಗೂ ಹಕ್ಕು ಕೊಡುವ ಕಾನೂನನ್ನು ಬ್ರಾಡ್ಲಾನೇ ಪಾಸ್ ಮಾಡಿಸಿದ.

ಅನುಮಾನದ ಬೆಲೆ ತೆತ್ತವನು ಅವನೊಬ್ಬನೇ ಅಲ್ಲ. ಆತನ ಜೊತೆ 1877ರಲ್ಲಿ ಸಂತಾನ ನಿಯಂತ್ರಣದ ಪುಸ್ತಕ ಪ್ರಕಟಿಸಿ ಕಟಕಟೆ ಹತ್ತಿದ ಹೆಣ್ಣುಮಗಳು ಆನಿ ಬೆಸೆಂಟ್. ಹೌದು, ಮುಂದೆ ಥಿಯಾಸಫಿ ಒಪ್ಪಿಕೊಂಡು ಭಾರತಕ್ಕೆ ಬಂದು 1917ರಲ್ಲಿ ಕಾಂಗ್ರೆಸ್ ಅಧ್ಯಕ್ಷೆ ಆದ ಅದೇ ಬೆಸೆಂಟ್. ಆಗ ಆಕೆ ನಾಸ್ತಿಕಳು. ಆ ಪುಸ್ತಕ ಮತ್ತು ಆಕೆಯ ನಾಸ್ತಿಕತೆ, ಎರಡನ್ನೂ ಮುಂದಿಟ್ಟುಕೊಂಡು ಕೋರ್ಟು 1878ರಲ್ಲಿ ಪುಟ್ಟ ಮಗಳು ಮೇಬಲ್‌ಳನ್ನು ತಾಯಿಯಿಂದ ಬಿಡಿಸಿತು. ನಾಸ್ತಿಕ ತಾಯಿ ಒಳ್ಳೆಯ ತಾಯಿ ಆಗಿರೋಕೆ ಸಾಧ್ಯವಾ ಅನ್ನೋ ಪ್ರಶ್ನೆಗೆ ಕೊಟ್ಟ ಉತ್ತರ ಅದು.

ಇನ್ನು ಗಾಳಿಸುದ್ದಿ. ಬ್ರಾಡ್ಲಾ ವೇದಿಕೆ ಮೇಲೆ ಗಡಿಯಾರ ಹಿಡಿದು, ದೇವರು ಇದ್ದರೆ ಐದು ನಿಮಿಷದಲ್ಲಿ ನನ್ನನ್ನು ಕೊಲ್ಲಲಿ ಅಂತ ಸವಾಲು ಹಾಕಿದ ಅನ್ನೋ ಕಥೆ ದೇಶವೆಲ್ಲ ಓಡಾಡಿತು. ಆತ ಜೀವಮಾನವಿಡೀ ಅಲ್ಲಗಳೆದ, ಕಥೆ ಸಾಯಲಿಲ್ಲ. ಆಗ ವಾಟ್ಸಾಪ್ ಇರಲಿಲ್ಲ ಅನ್ನೋದು ನೆನಪಿರಲಿ. ಇನ್ನೊಂದು ನಂಬಿಕೆ, ನಾಸ್ತಿಕ ಅಂದರೆ ಎಡಪಂಥೀಯನೇ ಅಂತ. ಬ್ರಾಡ್ಲಾ ಸಮಾಜವಾದದ ಕಡು ವಿರೋಧಿ. 1884ರಲ್ಲಿ ಸಮಾಜವಾದಿ ನಾಯಕ ಹೈಂಡ್‌ಮನ್ ಜೊತೆ ಬಹಿರಂಗ ಚರ್ಚೆಗೇ ಇಳಿದಿದ್ದ.

ಇನ್ನು ಭಾರತದ ಕಥೆ. ಇಲ್ಲಿನ ಜನರ ದೂರುಗಳನ್ನು ಬ್ರಿಟಿಷ್ ಸಂಸತ್ತಿನಲ್ಲಿ ಪಟ್ಟು ಹಿಡಿದು ಎತ್ತುತ್ತಿದ್ದವನು ಬ್ರಾಡ್ಲಾ. 1889ರ ಕೊನೆಗೆ, ಕಾಯಿಲೆಯಿಂದ ಆಗಷ್ಟೇ ಎದ್ದಿದ್ದವನು, ಬಾಂಬೆ ಕಾಂಗ್ರೆಸ್ ಅಧಿವೇಶನಕ್ಕೆ ಬಂದ. ಆ ಅಧಿವೇಶನದ ಪ್ರತಿನಿಧಿಗಳ ಸಂಖ್ಯೆಯೂ 1889! ಮಸೀದಿಗೆ ಹೋಗುವವರು, ದೇವಸ್ಥಾನಕ್ಕೆ ಹೋಗುವವರು, ಅಗ್ಯಾರಿಗೆ ಹೋಗುವವರು ಎಲ್ಲರೂ ಸೇರಿ ಒಬ್ಬ ನಾಸ್ತಿಕನನ್ನು ತಮ್ಮ ದನಿ ಅಂತ ಒಪ್ಪಿಕೊಂಡರು. ವಾಪಸ್ ಹೋದವನು ಶಾಸನಸಭೆಗಳ ಸುಧಾರಣೆಗೆ ಮಸೂದೆ ಮಂಡಿಸಿದ.

1891ರ ಜನವರಿ 27. ಹನ್ನೊಂದು ವರ್ಷದ ಹಿಂದೆ ತನ್ನನ್ನು ತಡೆದಿದ್ದ ನಿರ್ಣಯವನ್ನು ಸದನ ತನ್ನ ದಾಖಲೆಯಿಂದಲೇ ಅಳಿಸಿಹಾಕಿತು. ಬ್ರಾಡ್ಲಾಗೆ ಅದು ಗೊತ್ತಾಗಲಿಲ್ಲ, ಪ್ರಜ್ಞೆ ಇರಲಿಲ್ಲ. 30ರಂದು ತೀರಿಕೊಂಡ. ಕೊನೆಗಾಲದಲ್ಲಿ ದೇವರನ್ನು ಕರೆದ ಅಂತ ಸುದ್ದಿ ಹಬ್ಬಿಸಬಾರದು ಅಂತ ಮಗಳು ಹೈಪೇಷಿಯಾ, ಹತ್ತಿರ ಇದ್ದವರಿಂದ ಆತ ಧರ್ಮದ ಬಗ್ಗೆ ಒಂದು ಮಾತೂ ಆಡಿಲ್ಲ ಅಂತ ಬರೆಸಿ ಸಹಿ ಹಾಕಿಸಿಟ್ಟರು. ನಾಸ್ತಿಕನಿಗೆ ಸತ್ತ ಮೇಲೂ ಸಾಕ್ಷಿ ಬೇಕಾಯ್ತು.

ಅಂತ್ಯಕ್ರಿಯೆಗೆ ಹೋದವರಲ್ಲಿ 21 ವರ್ಷದ ಒಬ್ಬ ಕಾನೂನು ವಿದ್ಯಾರ್ಥಿ ಇದ್ದ. ಮೋಹನದಾಸ ಗಾಂಧಿ. ಲಂಡನ್‌ನಲ್ಲಿದ್ದ ಬಹುಶಃ ಎಲ್ಲ ಭಾರತೀಯರೂ ಹೋಗಿದ್ದರು ಅಂತ ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ವಾಪಸ್ ಬರುವಾಗ ಸ್ಟೇಷನ್‌ನಲ್ಲಿ ಒಬ್ಬ ನಾಸ್ತಿಕ, ಪಾದ್ರಿಯೊಬ್ಬರನ್ನು ನಿಮ್ಮ ದೇವರ ಅಳತೆ ಎಷ್ಟು ಅಂತ ಕೆಣಕಿದನಂತೆ. ಗಾಂಧಿಗೆ ಅದು ಹಿಡಿಸಲಿಲ್ಲ, ನಾಸ್ತಿಕತೆ ಬಗ್ಗೆ ಇದ್ದ ಅಸಮಾಧಾನ ಇನ್ನೂ ಹೆಚ್ಚಾಯ್ತು. ಆದರೆ ಬ್ರಾಡ್ಲಾನನ್ನು ಮರೆಯಲಿಲ್ಲ. ನಲವತ್ತು ವರ್ಷದ ನಂತರ, 1931ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ, ದೇವರೇ ಸತ್ಯ ಅನ್ನೋದನ್ನು ಬಿಟ್ಟು ಸತ್ಯವೇ ದೇವರು ಅಂತ ಯಾಕೆ ಹೇಳೋಕೆ ಶುರು ಮಾಡಿದೆ ಅಂತ ವಿವರಿಸುವಾಗ ಅವರು ತೆಗೆದುಕೊಂಡ ಉದಾಹರಣೆ ಬ್ರಾಡ್ಲಾನದ್ದೇ. ಆತ ದೇವರಿಗೆ ಹೆದರದಿರಬಹುದು, ಸತ್ಯಕ್ಕೆ ಹೆದರುತ್ತಿದ್ದವನು ಅನ್ನೋ ಅರ್ಥದ ಮಾತು.

ನಮ್ಮ ಸಂವಿಧಾನ ಸಭೆಯಲ್ಲೂ ಈ ವಿಷಯ ಬಂತು. 1949ರ ಅಕ್ಟೋಬರ್ 17ರಂದು ಮಂಗಳೂರು ಮೂಲದ ಎಚ್.ವಿ. ಕಾಮತ್ ಅವರು ಪ್ರಸ್ತಾವನೆಯನ್ನು ದೇವರ ಹೆಸರಿನಿಂದಲೇ ಶುರು ಮಾಡಬೇಕು ಅಂತ ತಿದ್ದುಪಡಿ ತಂದರು. ದೇವರನ್ನು ಮತಕ್ಕೆ ಹಾಕಬೇಡಿ ಅಂತ ಸಭೆಯಲ್ಲೇ ಕೇಳಿಕೊಂಡರೂ ಕಾಮತ್ ಬಿಡಲಿಲ್ಲ. ವಿರೋಧಿಸಿದವರು ನಾಸ್ತಿಕರು ಅಂದುಕೊಂಡಿರಾ? ತಿರುವಾಂಕೂರಿನ ಥಾನು ಪಿಳ್ಳೈ ತಾವು ದೇವರನ್ನು ನಂಬುವವರು ಅಂತ ಹೇಳಿಯೇ, ಆದರೆ ಇದು ನಂಬಿಕೆಯಲ್ಲಿ ಬಲವಂತ ಆಗುತ್ತೆ ಅಂದರು. ಪರ 41, ವಿರುದ್ಧ 68.

ಪ್ರಮಾಣವಚನ ಇರೋದು ಸಂವಿಧಾನದ ಮೂರನೇ ಅನುಸೂಚಿಯಲ್ಲಿ. ಅಲ್ಲಿ ದೇವರ ಹೆಸರಿನ ಪ್ರಮಾಣ, ಸತ್ಯನಿಷ್ಠೆಯ ಪ್ರತಿಜ್ಞೆ ಎರಡನ್ನೂ ಒಂದರ ಮೇಲೊಂದು ಅಚ್ಚು ಹಾಕಿದ್ದಾರೆ. ಕೋರ್ಟಿಗೂ 1969ರ ಪ್ರಮಾಣ ಕಾಯ್ದೆಯಲ್ಲಿ ಇದೇ ಎರಡು ದಾರಿ. ಗೀತೆ ಮುಟ್ಟಿಸಿ ‘ಸತ್ಯವನ್ನೇ ಹೇಳುತ್ತೇನೆ’ ಅನ್ನಿಸೋದು ನಮ್ಮ ಸಿನಿಮಾದಲ್ಲಿ ಮಾತ್ರ. ಬೇಕಾದ್ದನ್ನು ಆರಿಸಿಕೊಂಡ ಮೇಲೆ ಮುಂದಿನ ಸಾಲುಗಳು ಎಲ್ಲರಿಗೂ ಒಂದೇ.